ಹಾರ್ಮೋನಿಯಮ್ಮಿನ ಮಗ್ಗುಲಲ್ಲಿ ಗಿಟಾರು

ಸಿಂಧನೂರು ತಾಲ್ಲೂಕಿನ ಮುಕ್ಕುಂದದಿಂದ ಹಿರಿಯ ಓದುಗರೊಬ್ಬರು ನಮಗೆ ಪತ್ರ ಬರೆದಿದ್ದರು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಪೂಜಾವಿಧಿ, ಮಕ್ಕಳ ವಿದ್ಯಾಭ್ಯಾಸ, ಮದುವೆಯ ದುಂದುವೆಚ್ಚ ಮೊದಲಾದವುಗಳನ್ನು ಕುರಿತವು. ಈ ಪತ್ರದ ಸಮಸ್ಯೆ ಬೇರೆಯದಾಗಿತ್ತು. ಬರೆದವರು ನಾಲ್ವತ್ತು ವರ್ಷಗಳಿಂದ ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸಿಕೊಂಡು ಬಂದವರು. ಅವರ ಮೊಮ್ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತ, ಮೂವರು ಗೆಳೆಯರೊಡನೆ ಕೂಡಿ ಒಂದು ವಾದ್ಯಗೋಷ್ಠಿಯನ್ನು, ಅವರ ಮಾತಿನಲ್ಲಿ ಹೇಳುವುದಾದರೆ ಬ್ಯಾಂಡನ್ನು, ಕಟ್ಟಿಕೊಂಡಿದ್ದಾನೆ. ಜಾಝ್ ಮತ್ತು ರಾಕ್ ಎಂಬ ಪಾಶ್ಚಾತ್ಯ ಸಂಗೀತ ಪ್ರಕಾರಗಳನ್ನು ಬೆರೆಸಿ ಹೊಸ ಪ್ರಯೋಗ ಮಾಡುತ್ತಿದ್ದೇವೆಂದು ಆ ಹುಡುಗರ ಹೇಳಿಕೆ. ಬಸವ ಜಯಂತಿಯಂದು ಊರಿನ ವೇದಿಕೆಯ ಮೇಲೆ ಗಿಟಾರು ಡ್ರಮ್ಮುಗಳೊಡನೆ ವಚನಗಳನ್ನು ಹಾಡಲು ಅವಕಾಶ ಬೇಕೆಂದು ಅವರು ಕೇಳಿದ್ದಾರೆ. ಊರಿನಲ್ಲಿ ಎರಡು ಪಂಗಡಗಳಾಗಿವೆ. "ನನ್ನ ಮನೆಯಲ್ಲಿಯೂ ಎರಡೇ ಪಂಗಡ. ಹುಡುಗ ಸಂಜೆಯ ಭಜನೆಗೆ ಬರುವುದನ್ನು ಬಿಟ್ಟಿದ್ದಾನೆ. ನಾನು ಅವನೊಡನೆ ಮಾತು ಬಿಟ್ಟಿದ್ದೇನೆ. ತಾವು ತಿಳಿದವರು, ಏನೆನ್ನುತ್ತೀರಿ?" ಎಂದು ಹಿರಿಯರು ಬರೆದಿದ್ದರು.

ತಿಳಿದವರೆಂಬ ಮಾತಿಗೆ ನಾವು ಅರ್ಹರಲ್ಲ. ಆದರೆ ಅಜ್ಜ ಮೊಮ್ಮಕ್ಕಳು ಮಾತು ಬಿಟ್ಟಿರುವ ಮನೆಗೆ ಅಂಚೆಯಲ್ಲಿ ಉತ್ತರ ಕಳುಹಿಸುವುದು ಸರಿಯೆನಿಸಲಿಲ್ಲ. ಸಿಂಧನೂರಿನಲ್ಲಿ ಬೇರೊಂದು ಕಾರ್ಯವೂ ಇದ್ದುದರಿಂದ ಮುಕ್ಕುಂದಕ್ಕೆ ಹೋಗಿಯೇ ಬಂದೆವು. ತುಂಗಭದ್ರೆಯ ದಂಡೆಯ ಊರದು. ಭತ್ತದ ಒಕ್ಕಣೆ ಮುಗಿದ ದಿನಗಳಾದ್ದರಿಂದ ಹುಡುಗನೂ ರಜೆಯ ಮೇಲೆ ಮನೆಯಲ್ಲಿದ್ದ. ಪ್ರಸಾದವಾದ ಮೇಲೆ, ನಿಮ್ಮ ಸಂಗೀತವನ್ನು ಸ್ವಲ್ಪ ಕೇಳಿಸಬಹುದೇ ಎಂದು ಅವನನ್ನು ಕೇಳಿದೆವು. ಅವನು ಮೊಬೈಲಿನಿಂದ ಒಂದು ತುಣುಕನ್ನು ಹಾಕಿದ. ಮೊದಲು ನಮಗೆ ಗದ್ದಲವೇ ಕೇಳಿಸಿತು. ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂಬುದು ತಿಳಿಯಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಅತ್ತ ಮುಖ ಮಾಡಿ ಕುಳಿತಿದ್ದ ಅಜ್ಜನವರ ಬಲಗೈ ಮಾತ್ರ ತೊಡೆಯ ಮೇಲೆ ತಾನಾಗಿ ಆಡತೊಡಗಿತ್ತು. ಎರಡು ಆವರ್ತನಗಳಾದ ಮೇಲೆ ಅವರು ಯಾರನ್ನೂ ನೋಡದೆ, "ಏಳು ಮಾತ್ರೆ ಐತಿ. ಮೂರು, ಎರಡು, ಎರಡು. ಇದು ರೂಪಕ ಅಲ್ಲೇನೋ?" ಎಂದರು.

ಹುಡುಗ ಬೆರಗಾದ. ಆ ಏಳರ ಎಣಿಕೆಯನ್ನು ಕೂಡಿಸಲು ತನ್ನ ಡ್ರಮ್ ಬಾರಿಸುವ ಗೆಳೆಯನಿಗೆ ಒಂದು ತಿಂಗಳು ಹಿಡಿಯಿತೆಂದು ಆಮೇಲೆ ನಮ್ಮೊಡನೆ ಹೇಳಿಕೊಂಡ. ತಬಲೆಯವರು "ತೀಂ ತೀಂ ನಾ, ಧೀಂ ನಾ, ಧೀಂ ನಾ" ಎಂದು ಹೇಳುವ ಆ ತಾಳ ಅಜ್ಜನವರಿಗೆ ವಾರಕ್ಕೊಮ್ಮೆಯಾದರೂ ಕೈಗೆ ಬರುವಂಥದು. ಇಬ್ಬರೂ ಒಂದೇ ಲೆಕ್ಕವನ್ನು ಎರಡು ಅಂಗಡಿಗಳಲ್ಲಿ ಕುಳಿತು ಬರೆಯುತ್ತಿದ್ದರು.

ಊರಿಗೆ ಹಿಂದಿರುಗಿದ ಮೇಲೆ ಈ ವಿಷಯವನ್ನು ಕುರಿತು ನಾವು ಕೆಲವು ದಿನ ಓದಿದೆವು, ತಿಳಿದವರನ್ನು ಕೇಳಿದೆವು. ಅದರ ಫಲವನ್ನು ಬಂಧುಗಳ ಮುಂದಿಡುತ್ತಿದ್ದೇವೆ. ಮುಕ್ಕುಂದದ ಮನೆಯ ಈ ಪ್ರಶ್ನೆ ಮಾನವಿಯಲ್ಲಿಯೂ ಲಿಂಗಸುಗೂರಿನಲ್ಲಿಯೂ ಇಂದಲ್ಲ ನಾಳೆ ಏಳುವಂಥದೇ ಆಗಿದೆ.

ಅಮೆರಿಕದ ದಕ್ಷಿಣ ಭಾಗದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯ ಜನರ ವಂಶಜರಿಂದ, ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಜಾಝ್ ರೂಪುಗೊಂಡಿತು. ಆಫ್ರಿಕದ ಲಯ, ಚರ್ಚಿನ ಪ್ರಾರ್ಥನೆ, ಹೊಲದಲ್ಲಿ ದುಡಿಯುವವರ ದುಃಖದ ಹಾಡು, ಸೈನಿಕರ ತುತ್ತೂರಿಗಳು, ಇವೆಲ್ಲ ಅದರಲ್ಲಿ ಬೆರೆತಿವೆ. ಬರೆದಿಟ್ಟುದನ್ನು ಒಪ್ಪಿಸುವುದು ಅದರ ಗುರಿಯಲ್ಲ. ಒಂದು ಧಾಟಿಯನ್ನು ಹಿಡಿದು ಆ ಕ್ಷಣದಲ್ಲಿ ವಿಸ್ತರಿಸುವುದೇ ಅದರ ಜೀವ. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವುದೂ ಹೆಚ್ಚು ಕಡಿಮೆ ಅದನ್ನೇ. ರಾಕ್ ಎಂಬುದು ಎರಡನೆಯ ಮಹಾಯುದ್ಧದ ನಂತರದ ಪೀಳಿಗೆಯದು. ವಿದ್ಯುತ್ ಗಿಟಾರು, ಗಟ್ಟಿಯಾದ ಡ್ರಮ್ಮು, ತರುಣರ ಆವೇಶ ಅದರ ಲಕ್ಷಣ. 1969-70ರ ಸುಮಾರಿಗೆ ಮೈಲ್ಸ್ ಡೇವಿಸ್ ಎಂಬ ತುತ್ತೂರಿ ವಾದಕರು ಇವೆರಡನ್ನೂ ಬೆರೆಸಿದಾಗ ಜಾಝಿನ ಹಿರಿಯರನೇಕರು ಮುಖ ತಿರುಗಿಸಿದರಂತೆ. ಮುಕ್ಕುಂದದ ಅಜ್ಜನವರಿಗೆ ಇದನ್ನು ತಿಳಿಸಿದರೆ ಸ್ವಲ್ಪ ಸಮಾಧಾನವಾದೀತು.

ಏಳರ ಲೆಕ್ಕ, ಐದರ ಲೆಕ್ಕ ಜಾಝಿನವರಿಗೆ ಮೊದಲಿನಿಂದ ಒಗ್ಗಿದವುಗಳಲ್ಲ. ಅವರ ನಡಿಗೆ ಬಹುಮಟ್ಟಿಗೆ ನಾಲ್ಕರದು. ಡೇವ್ ಬ್ರೂಬೆಕ್ ಎಂಬ ಪಿಯಾನೋ ವಾದಕರು 1958ರಲ್ಲಿ ತುರ್ಕಿ, ಭಾರತ ಮೊದಲಾದ ದೇಶಗಳನ್ನು ಸುತ್ತಿ ಹೋದರು. ಮರುವರ್ಷ ಐದರ, ಒಂಬತ್ತರ ಎಣಿಕೆಯ ರಚನೆಗಳುಳ್ಳ ಧ್ವನಿಮುದ್ರಿಕೆಯನ್ನು ಹೊರತಂದರು. ಎಪ್ಪತ್ತರ ದಶಕದ ನಡುವೆ ಜಾನ್ ಮೆಕ್‌ಲಾಫ್ಲಿನ್ ಎಂಬ ಗಿಟಾರು ವಾದಕರು ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಡನೆ 'ಶಕ್ತಿ' ಎಂಬ ಮೇಳ ಕಟ್ಟಿದುದನ್ನು ಓದುಗರನೇಕರು ಬಲ್ಲರು. 2024ರಲ್ಲಿ ಆ ಮೇಳಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಆ ವರ್ಷದ ಕೊನೆಗೆ ಜಾಕಿರ್ ಹುಸೇನರು ತೀರಿಕೊಂಡರು.

ನಮ್ಮ ನಾಡಿನೊಳಗೇ ನಡೆದ ಕಥೆ ಇದಕ್ಕಿಂತ ಹೆಚ್ಚು ಸ್ವಾರಸ್ಯದ್ದು. ಅದನ್ನು ನಾವು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕೋಲು ಇವುಗಳ ಶಿಸ್ತುಬದ್ಧ ಕಲಿಕೆಯ ಸ್ಥಳ ಅದು. ಇತ್ತ ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ಎಂಬವರ ಮುಂದಾಳುತನದಲ್ಲಿ 'ಎಂಬ್ರಿಯೋ' ಎಂಬ ಬ್ಯಾಂಡು ಹುಟ್ಟಿಕೊಂಡಿತ್ತು. ಜಾಝನ್ನೂ ರಾಕನ್ನೂ ಬೆರೆಸುವುದೇ ಅವರ ಕೆಲಸ. ದೊಡ್ಡ ಕಂಪನಿಗಳ ಹಂಗು ಬೇಡವೆಂದು 1976ರಲ್ಲಿ ಅವರೂ ಇನ್ನು ಕೆಲವು ಮೇಳಗಳವರೂ ಕೂಡಿ ತಮ್ಮದೇ ಧ್ವನಿಮುದ್ರಿಕೆಯ ಸಂಸ್ಥೆಯೊಂದನ್ನು ಮಾಡಿಕೊಂಡರು. ಮುಕ್ಕುಂದದ ಹುಡುಗ ನಮಗೆ 'ಸ್ವತಂತ್ರ ಬ್ಯಾಂಡು' ಎಂಬ ಮಾತನ್ನು ಪದೇ ಪದೇ ಹೇಳುತ್ತಿದ್ದುದರ ಅರ್ಥ ಇದೇ: ದುಡಿಮೆಯೂ ತಮ್ಮದು, ಹೊಣೆಯೂ ತಮ್ಮದು, ನಷ್ಟವೂ ತಮ್ಮದು.

1978ರಲ್ಲಿ ಈ ಎಂಬ್ರಿಯೋದವರು ಹೆಂಡಿರು ಮಕ್ಕಳೊಡನೆ ಬಸ್ಸುಗಳನ್ನೇರಿ ಭೂಮಾರ್ಗವಾಗಿಯೇ ಭಾರತದತ್ತ ಹೊರಟುಬಿಟ್ಟರು. ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು, ಹೋದ ಹೋದಲ್ಲಿ ಅಲ್ಲಿಯ ಕಲಾವಿದರೊಡನೆ ಕುಳಿತು ನುಡಿಸುತ್ತ ಸಾಗಿದ ಈ ಯಾತ್ರೆಯ ಮೇಲೆ ಒಂದು ಚಲನಚಿತ್ರವೂ ಬಂದಿದೆ. ಆ ದಿನಗಳಲ್ಲಿ ಏರ್ಪಟ್ಟ ಗೆಳೆತನಗಳಲ್ಲಿ ದೀರ್ಘಕಾಲ ಬಾಳಿದುದು ಬೆಂಗಳೂರಿನ ಮಣಿಯವರ ಶಾಲೆಯೊಡನೆ ಬೆಳೆದ ಗೆಳೆತನ. ಕೂಡಿ ಕಛೇರಿ ಮಾಡಿದರು, ಕೂಡಿ ಮುದ್ರಿಸಿದರು. ಎಂಬ್ರಿಯೋದಿಂದ ಒಡೆದು ಬೇರೆಯಾದ 'ಡಿಸಿಡೆಂಟನ್' ಎಂಬ ಮೇಳದವರು ಕೂಡ 1982ರ ತಮ್ಮ ಮೊದಲ ಮುದ್ರಿಕೆಗೆ ಬೆಂಗಳೂರಿನವರನ್ನೇ ಜೊತೆಗೆ ಕರೆದುಕೊಂಡರು. ಬುರ್ಖಾರ್ಡರು 2018ರಲ್ಲಿ ತೀರಿಕೊಂಡರೂ ಅವರ ಮಗಳು ಮಾರ್ಯಾ ತಂದೆಯ ಮೇಳವನ್ನು ನಿಲ್ಲಿಸಲಿಲ್ಲ.

ಈ ಕಥೆಯಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದವರು ಚಾರ್ಲಿ ಮರಿಯಾನೋ. 1923ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ ಇವರು ಸ್ಯಾಕ್ಸೊಫೋನ್ ವಾದನದಲ್ಲಿ ದೊಡ್ಡ ಹೆಸರು ಗಳಿಸಿದವರು, ಎಂಬ್ರಿಯೋದೊಡನೆಯೂ ನುಡಿಸಿದವರು. ಅಷ್ಟು ಕೀರ್ತಿ ಬಂದ ಮೇಲೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರವನ್ನು ಶಿಷ್ಯನಾಗಿ ಕಲಿತರು. ಅರವತ್ತರ ಅಂಚಿನಲ್ಲಿ, 1983ರಲ್ಲಿ, ಬೆಂಗಳೂರಿನ ಶಾಲೆಯವರೊಡನೆ 'ಜ್ಯೋತಿ' ಎಂಬ ಮುದ್ರಿಕೆಯನ್ನು ಮಾಡಿದರು. ಅದರಲ್ಲಿ ಹಾಡಿದವರು ಆರ್. ಎ. ರಮಾಮಣಿಯವರು; ರಚನೆಗಳೂ ಅವರವೇ. ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ, ಟಿ. ಎನ್. ಶಶಿಕುಮಾರರ ಖಂಜಿರ. ಡ್ರಮ್ಮಿಲ್ಲ, ವಿದ್ಯುತ್ ವಾದ್ಯವಿಲ್ಲ. ನಾವು ಇದನ್ನು ಒಂದು ಸಂಜೆ ಕುಳಿತು ಕೇಳಿದೆವು. ಲೋಕಪ್ರಸಿದ್ಧನಾದ ವಾದಕನು ಕನ್ನಡನಾಡಿನ ಹೆಣ್ಣುಮಗಳೊಬ್ಬಳ ದನಿಯ ಹಿಂದೆ ಹಿಂದೆ ನಡೆದು, ಅವರು ನಿಂತಲ್ಲಿ ತಾನು ತುಸು ಮುಂದೆ ಸಾಗಿ, ಮತ್ತೆ ಬಂದು ಸೇರಿಕೊಳ್ಳುವ ಪರಿ ನಮಗೆ ಜಂಗಮನೊಬ್ಬನು ಭಕ್ತನ ಮನೆಯಲ್ಲಿ ನಡೆದುಕೊಳ್ಳುವ ಬಗೆಯನ್ನು ನೆನಪಿಗೆ ತಂದಿತು. ಮರಿಯಾನೋ 2009ರಲ್ಲಿ ಜರ್ಮನಿಯಲ್ಲಿ ಕಣ್ಮುಚ್ಚಿದರು.

ಇಂದಿನ ಹುಡುಗರಿಗೆ ಹತ್ತಿರದ ಮಾದರಿಯೆಂದರೆ ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಎಂಬ ಬ್ಯಾಂಡು. ಗಿಟಾರು ನುಡಿಸಿ ಹಾಡುವ ಬ್ರೂಸ್ ಲೀ ಮಣಿ (ಹೆಸರು ನಿಜವಾದುದೇ, ನಾವು ಕಟ್ಟಿದ್ದಲ್ಲ), ಡ್ರಮ್ ಬಾರಿಸುವ ರಾಜೀವ್ ರಾಜಗೋಪಾಲ್ ಇದರ ಆಧಾರ. ಹಾಡುಗಳು ಇಂಗ್ಲಿಷಿನಲ್ಲಿವೆ, ರಾಕಿಗೆ ಜಾಝಿನ ಲೆಕ್ಕಾಚಾರವನ್ನು ಸೇರಿಸುವುದು ಅವರ ವೈಶಿಷ್ಟ್ಯ. 2012ರಲ್ಲಿ ಮೂರು ತಟ್ಟೆಗಳ ಮುದ್ರಿಕೆಯೊಂದನ್ನು ಒಟ್ಟಿಗೆ ಹೊರತಂದರು. ಚಲನಚಿತ್ರದ ಆಶ್ರಯವಿಲ್ಲದೆ ಇಷ್ಟು ವರ್ಷ ಬದುಕಿರುವುದು ಸಣ್ಣ ಮಾತಲ್ಲ. ಜೊತೆಗೆ ಸಂಗೀತ ಶಾಲೆ ನಡೆಸಿ, ಕಲಿಸಿ, ಹೊಟ್ಟೆಯ ಪಾಡನ್ನು ನೋಡಿಕೊಂಡಿದ್ದಾರೆ. ಮುಕ್ಕುಂದದ ತಾಯಿ ತಂದೆಯರಿಗೆ ಸಂಗೀತದ ಯೋಗ್ಯಾಯೋಗ್ಯತೆಗಿಂತ ಈ ಹೊಟ್ಟೆಯ ಪಾಡೇ ದೊಡ್ಡ ಚಿಂತೆಯಾಗಿದ್ದುದನ್ನು ನಾವು ಗಮನಿಸಿದೆವು. ಅದು ತಪ್ಪೂ ಅಲ್ಲ. ಓದನ್ನು ಮುಗಿಸು ಎಂದು ನಾವೂ ಹುಡುಗನಿಗೆ ಹೇಳಿ ಬಂದಿದ್ದೇವೆ. ಕನ್ನಡದ ಪದಗಳನ್ನು ಈ ಬಗೆಯ ವಾದ್ಯಗಳಿಗೆ ಹೊಂದಿಸಿ ಹೊರನಾಡುಗಳವರೆಗೂ ಒಯ್ದವರು ರಘು ದೀಕ್ಷಿತರು. ಸಂತ ಶಿಶುನಾಳ ಶರೀಫರ ತತ್ವಪದಗಳನ್ನು ಅವರು ಹಾಡಿದ ಮೇಲೆ, ಶರೀಫರು ಯಾರೆಂದು ತಿಳಿಯದಿದ್ದ ಪಟ್ಟಣದ ಮಕ್ಕಳು ಕೂಡ ಅವುಗಳನ್ನು ಗುನುಗುವಂತಾಯಿತು.

ಇಷ್ಟು ಹೇಳಿದರೆ ಹಿರಿಯರ ಮೂಲ ಪ್ರಶ್ನೆಗೆ ಉತ್ತರವಾಗಲಿಲ್ಲ. ಅವರು ಕೇಳಿದ್ದು ವಚನಗಳನ್ನು ಕುರಿತು. "ವಚನಕ್ಕೊಂದು ಸಂಪ್ರದಾಯವಿದೆ, ಅದನ್ನು ಕೆಡಿಸಬಾರದು" ಎಂದು ಊರಿನ ಕೆಲವರು ವಾದಿಸಿದ್ದಾರೆ. ಯಾವ ಸಂಪ್ರದಾಯವೆಂದು ನಾವು ವಿಚಾರಿಸಬೇಕಾಗಿದೆ. ಶರಣರ ಸ್ವರವಚನಗಳಿಗೆ ಪಲ್ಲವಿಯುಂಟು. ತಾಡವೋಲೆಗಳಲ್ಲಿ ರಾಗದ ಹೆಸರುಗಳೂ ಸಿಗುತ್ತವೆ. ನಿಜಗುಣ ಶಿವಯೋಗಿಗಳ, ಸರ್ಪಭೂಷಣ ಶಿವಯೋಗಿಗಳ ಪದಗಳೂ ಹಾಡಿಗೆಂದೇ ಆದವು. ಆದರೆ ನಾವು ನಿತ್ಯ ಓದುವ ಗದ್ಯರೂಪದ ವಚನಗಳಿಗೆ ಛಂದಸ್ಸಿನ ಕಟ್ಟಿಲ್ಲ, ಇಂಥದೇ ರಾಗ ಇಂಥದೇ ತಾಳ ಎಂಬ ನಿಯಮವಿಲ್ಲ. ತಾಳಮಾನಗಳ ಅರಿವು ತಮಗಿಲ್ಲವೆಂದೂ ಒಲಿದಂತೆ ಹಾಡುವವರು ತಾವೆಂದೂ ಸ್ವತಃ ಅಣ್ಣನವರೇ ಒಂದು ವಚನದಲ್ಲಿ ಅರಿಕೆ ಮಾಡಿಕೊಂಡಿರುವರಷ್ಟೆ. ಇಂದು ಆಕಾಶವಾಣಿಯಲ್ಲಿ, ಸಭೆ ಸಮಾರಂಭಗಳಲ್ಲಿ ಕೇಳುವ ವಚನಗಾಯನದ ಧಾಟಿಯು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ತಮ್ಮ ಹಿಂದುಸ್ತಾನಿ ವಿದ್ಯೆಯನ್ನು ಶರಣರ ನುಡಿಗೆ ಬೆಸೆದು ಅದನ್ನು ರೂಪಿಸಿದರು. ರಾಯಚೂರಿನ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರಿದೆ. ಅವರ ದನಿಯಲ್ಲಿ ವಚನ ಕೇಳಿದ ನಮಗೆ ಅದೇ ಅನಾದಿಯೆನಿಸಿತು. ಅದೂ ಒಂದು ಕಾಲದ ಪ್ರಯೋಗವೇ ಆಗಿತ್ತು.

ಮನಸೂರರ ಗುರುಗಳಾದ ಮಂಜಿಖಾನ್, ಬುರ್ಜಿಖಾನರು ಅಲ್ಲಾದಿಯಾ ಖಾನರ ಮಕ್ಕಳು. ಗದುಗಿನ ಪಂಚಾಕ್ಷರಿ ಗವಾಯಿಗಳವರು ಮೊದಲು ಕರ್ನಾಟಕ ಸಂಗೀತವನ್ನು ಕಲಿತು, ಅನಂತರ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿಯನ್ನು ಕಲಿತು 'ಉಭಯ ಗಾನ ವಿಶಾರದ'ರೆನಿಸಿದರು. ಹಾನಗಲ್ಲ ಕುಮಾರಸ್ವಾಮಿಗಳವರು ಅವರಿಗೆ ಆಸರೆಯಾಗಿ ನಿಂತರೇ ಹೊರತು ಎರಡು ಪದ್ಧತಿಗಳನ್ನು ಕಲಿಯುವುದು ಮೈಲಿಗೆಯೆಂದು ಹೇಳಲಿಲ್ಲ. ಹನ್ನೆರಡನೆಯ ಶತಮಾನಕ್ಕೇ ಹೋಗುವುದಾದರೆ, ಕಿನ್ನರಿ ಬೊಮ್ಮಯ್ಯ, ಢಕ್ಕೆಯ ಬೊಮ್ಮಣ್ಣ ಇವರ ಹೆಸರುಗಳ ಮುಂದೆ ವಾದ್ಯಗಳೇ ಇವೆ. ಢಕ್ಕೆಯು ಬೀದಿಯ ವಾದ್ಯ, ಮಾರಿಯನ್ನು ಹೊತ್ತು ತಿರುಗುವವರ ವಾದ್ಯ. ಅದನ್ನು ಹೊರಗಿಟ್ಟು ಒಳಗೆ ಬಾ ಎಂದು ಕಲ್ಯಾಣದಲ್ಲಿ ಯಾರೂ ಹೇಳಿದಂತಿಲ್ಲ.

ಇನ್ನು ಅಜ್ಜನವರ ಹಾರ್ಮೋನಿಯಂ! ಅದು 1840ರ ದಶಕದಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿ, ಪಾದ್ರಿಗಳ ಜೊತೆಗೆ ಬಂದು, ಕಲ್ಕತ್ತೆಯಲ್ಲಿ ಕೈಹಾರ್ಮೋನಿಯಮ್ಮಾಗಿ ಮಾರ್ಪಟ್ಟ ಪರದೇಶದ ಪೆಟ್ಟಿಗೆ. ಅದರ ಮನೆಗಳ ಸ್ವರ ಸ್ಥಿರವಾದುದು, ಮೀಂಡು ಗಮಕಗಳು ಅದರಲ್ಲಿ ಬಾರವು ಎಂಬ ಕಾರಣದಿಂದ 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿ, ಮೂವತ್ತು ವರ್ಷಗಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಅವಧಿಯಲ್ಲಿಯೂ ನಮ್ಮ ಹಳ್ಳಿಗಳ ಭಜನಾ ಮೇಳಗಳು ಅದನ್ನು ಬಿಡಲಿಲ್ಲ. ಈ ಮಾತನ್ನು ನಾವು ಅಜ್ಜನವರಿಗೆ ಬರೆದಾಗ ಅವರು ಸಿಟ್ಟಾಗುವರೆಂದು ಅಂಜಿದ್ದೆವು.

ಹಾಗೆಂದು ಹುಡುಗರು ಮಾಡಿದ್ದೆಲ್ಲ ಸರಿಯೆಂದು ನಾವು ಒಪ್ಪುವುದಿಲ್ಲ. ಅವರು ಕೇಳಿಸಿದ ಎರಡನೆಯ ತುಣುಕು ಅಣ್ಣನವರ ಒಂದು ವಚನ. ಅದರ ಮೊದಲ ಸಾಲನ್ನು ಹನ್ನೆರಡು ಸಲ ಹಾಡಿದರು, ನಾವು ಎಣಿಸಿದೆವು. ಘೋಷಣೆ ಕೂಗಿದಂತಿತ್ತು. ವಚನವೆಂಬುದು ಒಂದು ವಿಚಾರದ ನಡಿಗೆ. ಒಂದು ಮಾತು ಮುಂದಿನ ಮಾತನ್ನು ಎಳೆದುಕೊಂಡು ಬಂದು ಕೊನೆಗೆ ಅಂಕಿತದಲ್ಲಿ ನಿಲ್ಲುತ್ತದೆ. ಆ ನಿಲುಗಡೆಗೆ ಮುನ್ನ, ಕೊನೆಯ ಮಾತಿಗೂ 'ಕೂಡಲಸಂಗಮದೇವ'ನ ಹೆಸರಿಗೂ ನಡುವೆ, ಗಿಟಾರಿನ ಒಂದೂವರೆ ನಿಮಿಷದ ವಿಸ್ತಾರವನ್ನು ತುರುಕಿದ್ದರು. ಉಸಿರು ಕಟ್ಟಿದಂತಾಯಿತು. ಶಾಸ್ತ್ರೀಯ ಗಾಯಕರು ಕೂಡ ಮೊದಲ ಸಾಲನ್ನು ಪಲ್ಲವಿಯಂತೆ ಮರಳಿ ಮರಳಿ ಹಿಡಿಯುವರು, ನಿಜ. ಆದರೆ ಅರ್ಥವನ್ನು ತುಂಡರಿಸದಂತೆ ಎಚ್ಚರ ವಹಿಸುವರು. ಗಿಟಾರು ಬೇಕಾದರೆ ವಚನದ ಮುಂಚೆ ನುಡಿಯಲಿ, ಮುಗಿದ ಮೇಲೆ ನುಡಿಯಲಿ, ಒಂದು ವಾಕ್ಯ ಮುಗಿದಲ್ಲಿ ನುಡಿಯಲಿ. ಡ್ರಮ್ಮಿನ ಸದ್ದಿನಲ್ಲಿ ಒಂದು ಅಕ್ಷರವೂ ಮುಳುಗಬಾರದು. ಊರಿನ ಕೊನೆಯ ಸಾಲಿನಲ್ಲಿ ಕುಳಿತ, ಕಿವಿ ಮಂದವಾದ ತಾಯಿಗೆ ಮಾತು ತಿಳಿಯದಿದ್ದರೆ ಬಸವ ಜಯಂತಿಯ ವೇದಿಕೆಯ ಮೇಲೆ ಅದಕ್ಕೆ ಎಡೆಯಿಲ್ಲ. ಮತ್ತೊಂದು ಮಾತನ್ನೂ ಹುಡುಗನಿಗೆ ಬಿಡಿಸಿ ಹೇಳಿದೆವು. ಮರಿಯಾನೋ ಅವರಂಥವರೇ ಕಲಿಯಲು ಬಂದು ಕುಳಿತರು. ನೀನು ನಿನ್ನ ಮನೆಯ ಪಡಸಾಲೆಯಲ್ಲಿಯೇ ಇರುವ ಗುರುವನ್ನು ಬಿಟ್ಟು, ಏಳು ಮಾತ್ರೆಯನ್ನು ಒಂದು ತಿಂಗಳು ಕಂಪ್ಯೂಟರಿನಿಂದ ಕಲಿತೆಯಲ್ಲ!

ಈ ಅಭಿಪ್ರಾಯಗಳನ್ನೆಲ್ಲ ಸೇರಿಸಿ, ವೇದಿಕೆಯ ಮೇಲೆ ಹುಡುಗರಿಗೆ ಅರ್ಧ ಗಂಟೆ ಕೊಡುವುದು ಯೋಗ್ಯವೆಂದೂ, ಆ ಅರ್ಧ ಗಂಟೆಯಲ್ಲಿ ಅಜ್ಜನವರ ಹಾರ್ಮೋನಿಯಂ ಇರಲೇಬೇಕೆಂದೂ ನಾವು ಪತ್ರ ಬರೆದೆವು. ಮೂರು ವಾರಗಳ ತರುವಾಯ ಉತ್ತರ ಬಂದಿತು. ಅಜ್ಜನವರು ಸಿಟ್ಟಾಗಿರಲಿಲ್ಲ. ಪ್ಯಾರಿಸ್ಸಿನ ಸಂಗತಿಯನ್ನು ಮೇಳದವರಿಗೆಲ್ಲ ಓದಿ ಹೇಳಿದರಂತೆ. ಒಬ್ಬರು ಮಾತ್ರ ನಂಬಲಿಲ್ಲವಂತೆ. ಹುಡುಗನಿಗೆ ಅವರು ಒಂದು ಕರಾರು ಹಾಕಿದ್ದಾರೆ: ಎಂಟು ದಿನ ಯಾವ ವಾದ್ಯವೂ ಇಲ್ಲದೆ ಒಂದೇ ವಚನವನ್ನು ಬೆಳಗ್ಗೆ ಲಿಂಗಪೂಜೆಯಾದ ಮೇಲೆ ಓದಬೇಕು, ಆಮೇಲೆ ಗಿಟಾರನ್ನು ಮುಟ್ಟಬೇಕು. ಹುಡುಗ ಒಪ್ಪಿದ್ದಾನೆ.

ತೊಡಕು ಬಂದುದು ಶ್ರುತಿಯಲ್ಲಿ. ಹಳೆಯ ಹಾರ್ಮೋನಿಯಮ್ಮಿನ ಕರಿ ಒಂದರ ಮನೆಯು ಹುಡುಗನ ಮೊಬೈಲಿನ ಶ್ರುತಿಮಾಪಕಕ್ಕೆ ಸ್ವಲ್ಪ ಏರಿ ನಿಂತಿದೆಯಂತೆ. ಪೆಟ್ಟಿಗೆಯನ್ನು ಸಿಂಧನೂರಿಗೆ ಒಯ್ದು ರೀಡುಗಳನ್ನು ಕೆರೆಸಿ ಸರಿಮಾಡಿಸೋಣವೆಂದು ಹುಡುಗ ಹೇಳಿದ. ನಾಲ್ವತ್ತು ವರ್ಷ ಊರು ಹಾಡಿದ ಶ್ರುತಿಯಿದು, ಕೆರೆಸಲಾರೆನೆಂದು ಅಜ್ಜ ಹೇಳಿದರು. ಎರಡು ದಿನ ಮನೆಯಲ್ಲಿ ಮತ್ತೆ ಮೌನ. ಮೂರನೆಯ ಸಂಜೆ ಹುಡುಗ ಭಜನೆಗೆ ಬಂದು, ಅಜ್ಜನ ಮಗ್ಗುಲಿಗೆ ಕುಳಿತು, ಆ ಮನೆಯನ್ನೇ ಒತ್ತಿ ಹಿಡಿಯಿರೆಂದು ಕೇಳಿ, ತನ್ನ ಗಿಟಾರಿನ ಆರೂ ತಂತಿಗಳನ್ನು ಒಂದೊಂದಾಗಿ ಅದಕ್ಕೆ ಬಿಗಿದುಕೊಂಡನಂತೆ. ಉಳಿದ ಮೂವರು ಗೆಳೆಯರು ಜಯಂತಿಗೆ ಎಂಟು ದಿನ ಮುಂಚೆ ಬೆಂಗಳೂರಿನಿಂದ ಬರುವವರಿದ್ದಾರೆ. ಅವರ ವಸತಿಗೆ ಮಾಳಿಗೆಯ ಕೋಣೆಯನ್ನು ಸುಣ್ಣ ಬಳಿಸಿ ಇಟ್ಟಿರುವುದಾಗಿ ಅಜ್ಜನವರು ಬರೆದಿದ್ದಾರೆ. ಡ್ರಮ್ಮನ್ನು ಎಲ್ಲಿಡುವುದೆಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ.